ರೈತ ಸಂಘ-ಸಂಸ್ಥೆಗಳಿಗೆ ಉಪಯುಕ್ತವಾದ ಅಂತರಜಾಲ ಮಾಧ್ಯಮ ಮತ್ತು ತಂತ್ರಜ್ಞಾನ ಸೌಲಭ್ಯಗಳು: ಆಯ್ಕೆ, ಬಳಕೆ ಮತ್ತು ಎಚ್ಚರಿಕೆ

ಪೀಠಿಕೆ

ಲಾಭದ ಉದ್ದೇಶವಿಲ್ಲದೆ ರೈತರ ಏಳಿಗೆಗಾಗಿ ದುಡಿಯುವ ಸಂಘ-ಸಂಸ್ಥೆಗಳು ನಮ್ಮ ಹಳ್ಳಿಗಳಲ್ಲಿ ಅನೇಕ ಇವೆ. ರೈತ ಸಂಘ, ಮಹಿಳಾ ಸ್ವಸಹಾಯ ಗುಂಪು, ಕೆರೆ ಬಳಕೆದಾರರ ಸಂಘ, ಜಲಾನಯನ ಸಮಿತಿ, ದೇಸಿ ಬೀಜ ಸಂರಕ್ಷಣಾ ಬಳಗ ಹಾಗೂ ಕೃಷಿ ಅಭಿವೃದ್ಧಿಯಲ್ಲಿ ತೊಡಗಿರುವ ಸ್ವಯಂಸೇವಾ ಸಂಸ್ಥೆಗಳು ಇವುಗಳಲ್ಲಿ ಮುಖ್ಯವಾದವು. ಹಿಂದೆ ಒಂದು ಕರಪತ್ರ ಅಚ್ಚು ಹಾಕಿಸಲು ಸದಸ್ಯರಿಂದ ಹಣ ಕೂಡಿಸಬೇಕಾಗಿತ್ತು. ಇಂದು ಸಂಘದ ಕಾರ್ಯದರ್ಶಿಯು ತಮ್ಮ ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ನೂರಾರು ರೈತರಿಗೆ ಕ್ಷಣಮಾತ್ರದಲ್ಲಿ ಮಾಹಿತಿ ತಲುಪಿಸಬಲ್ಲರು. ಹವಾಮಾನ ಮುನ್ಸೂಚನೆ, ಮಾರುಕಟ್ಟೆ ಧಾರಣೆ, ತರಬೇತಿ ವಿಡಿಯೊ, ಸಮೀಕ್ಷೆಯ ಸಾಧನ ಇವೆಲ್ಲವೂ ಉಚಿತವಾಗಿ ಇಲ್ಲವೇ ಅತಿ ಕಡಿಮೆ ಖರ್ಚಿನಲ್ಲಿ ದೊರೆಯುತ್ತಿವೆ.

ಆದರೆ ಮಾಹಿತಿ ವೇಗವಾಗಿ ಹರಡುವಾಗ ತಪ್ಪೂ ಅಷ್ಟೇ ವೇಗವಾಗಿ ಹರಡುತ್ತದೆ. ಈ ಮಾತನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

2018ರ ಮೇ ತಿಂಗಳಿನಲ್ಲಿ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊದಲ ಬಾರಿಗೆ ನಮ್ಮ ಕರ್ನಾಟಕದಲ್ಲಿಯೇ ಪತ್ತೆಯಾಯಿತು. ಆ ಮುಂಗಾರಿನಲ್ಲಿ ಮೆಕ್ಕೆಜೋಳದ ಸುಳಿಯೊಳಗೆ ಹುಳು ಕಂಡ ರೈತರೆಲ್ಲರೂ ದಿಗಿಲುಗೊಂಡಿದ್ದರು. ಒಂದು ರೈತ ಸಂಘದ ಕಾರ್ಯದರ್ಶಿಗಳು ದೂರವಾಣಿ ಮಾಡಿ ಔಷಧಿಯ ಪ್ರಮಾಣ ಕೇಳಿದಾಗ ನಾನು ಬಸ್ಸಿನಲ್ಲಿದ್ದೆ. ಆಗ ಶಿಫಾರಸಿನಲ್ಲಿದ್ದ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಕೀಟನಾಶಕವನ್ನು ಪ್ರತಿ ಲೀಟರ್ ನೀರಿಗೆ "ಪಾಯಿಂಟ್ ನಾಲ್ಕು ಗ್ರಾಂ" ಬೆರೆಸಿ ಸುಳಿಗೆ ಬೀಳುವಂತೆ ಸಿಂಪಡಿಸಲು ಹೇಳಿದೆ. ಬಸ್ಸಿನ ಸದ್ದಿನಲ್ಲಿ ಅವರಿಗೆ "ನಾಲ್ಕು ಗ್ರಾಂ" ಮಾತ್ರ ಕೇಳಿಸಿತು. ಅದನ್ನೇ ಬರೆದು, ಕೆಳಗೆ ನನ್ನ ಹೆಸರನ್ನೂ ಹಾಕಿ ವಾಟ್ಸಾಪ್ ಗುಂಪಿಗೆ ಕಳುಹಿಸಿದರು.

ಮೂರು ದಿನಗಳ ನಂತರ ಒಬ್ಬ ರೈತರು ಕರೆ ಮಾಡಿದರು. "ಸರ್, ನೂರು ಗ್ರಾಂ ಪೊಟ್ಟಣ ಎರಡು ಕ್ಯಾನಿಗೂ ಸಾಲಲಿಲ್ಲ. ಎಕರೆಗೆ ಎಷ್ಟು ಪೊಟ್ಟಣ ತರಬೇಕು?" ಎಂದು ಕೇಳಿದರು. 15 ಲೀಟರ್ ಕ್ಯಾನಿಗೆ 6 ಗ್ರಾಂ ಹಾಕಬೇಕಾದಲ್ಲಿ ಅವರು 60 ಗ್ರಾಂ ಹಾಕಿದ್ದರು. ಅದೇ ಸಂಜೆ ತಿದ್ದುಪಡಿ ಕಳುಹಿಸಿದೆವು. ಅಷ್ಟರಲ್ಲಿ ಮೊದಲ ಸಂದೇಶ ಅಕ್ಕಪಕ್ಕದ ಊರುಗಳ ಗುಂಪುಗಳನ್ನು ಸೇರಿ ಆಗಿತ್ತು. ಆ ರೈತರು ಹಣ ಕಳೆದುಕೊಂಡದ್ದಲ್ಲದೆ, ಸಿಂಪಡಿಸಿದ ಭಾಗದ ಹಸಿ ಮೇವನ್ನು ದನಗಳಿಗೆ ಹಾಕದಂತೆ ನಾವು ತಿಳಿಸಬೇಕಾಯಿತು. ಅವರು ಕರೆ ಮಾಡಿ ಕೇಳಿದ್ದರಿಂದ ವಿಷಯ ತಿಳಿಯಿತು. ಕರೆ ಮಾಡದವರ ಹೊಲಗಳ ಲೆಕ್ಕ ಯಾರ ಬಳಿಯೂ ಇಲ್ಲ. ತಪ್ಪು ಸಂಘದ್ದಲ್ಲ, ಪ್ರಮಾಣವನ್ನು ಬರೆದು ಕಳುಹಿಸದೆ ಬಾಯಿಮಾತಿನಲ್ಲಿ ಹೇಳಿದ ನನ್ನದು.

ಅಂದಿನಿಂದ ಸಂಘ-ಸಂಸ್ಥೆಗಳ ತರಬೇತಿಯಲ್ಲಿ ಯಾವ ಆ್ಯಪ್ ಒಳ್ಳೆಯದು ಎಂಬ ಪ್ರಶ್ನೆ ಬಂದಾಗ, ಮೊದಲು ಸಂದೇಶವನ್ನು ಸರಿಪಡಿಸಿಕೊಳ್ಳಿ, ಸಾಧನವನ್ನು ನಂತರ ಆರಿಸಿಕೊಳ್ಳಿ ಎಂದೇ ಉತ್ತರಿಸುತ್ತಿದ್ದೇನೆ. ಈ ಲೇಖನವೂ ಅದೇ ಕ್ರಮದಲ್ಲಿದೆ.

1. ಸಂದೇಶದಲ್ಲಿ ಇರಲೇಬೇಕಾದ ಅಂಶಗಳು

ವಾಟ್ಸಾಪ್, ಟೆಲಿಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಇವುಗಳಲ್ಲಿ ಯಾವುದನ್ನೇ ಬಳಸಿದರೂ ಬೇಸಾಯದ ಪ್ರತಿಯೊಂದು ಸಲಹೆಯಲ್ಲಿ ಈ ಕೆಳಗಿನ ಏಳು ಅಂಶಗಳಿರಬೇಕು.

1. ಬೆಳೆ ಮತ್ತು ಅದರ ಹಂತ: "ತೊಗರಿಗೆ" ಎಂದರೆ ಸಾಲದು. "ಹೂವಾಡುವ ಹಂತದಲ್ಲಿರುವ ತೊಗರಿಗೆ" ಎಂದು ಬರೆಯಿರಿ.
2. ಸ್ಥಳ ಮತ್ತು ಪರಿಸ್ಥಿತಿ: ಜಿಲ್ಲೆ, ಮಣ್ಣಿನ ವಿಧ, ಮಳೆಯಾಶ್ರಿತವೋ ನೀರಾವರಿಯೋ ಎಂಬುದನ್ನು ತಿಳಿಸಿ. ವಿಜಯಪುರದ ಎರೆ ಭೂಮಿಗೆ ಹೇಳಿದ ಸಲಹೆ ತುಮಕೂರಿನ ಕೆಂಪು ಮಣ್ಣಿಗೆ ಹೊಂದಬೇಕೆಂದಿಲ್ಲ.
3. ದಿನಾಂಕ: ಸಂದೇಶ ಬರೆದ ದಿನ ಹಾಗೂ ಅದು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದನ್ನು ನಮೂದಿಸಿ. ದಿನಾಂಕವಿಲ್ಲದ ಸಂದೇಶ ಮುಂದಿನ ವರ್ಷವೂ ಹೊಸದರಂತೆ ಸುತ್ತಾಡುತ್ತದೆ.
4. ಪ್ರಮಾಣ, ಮೂರು ರೀತಿಯಲ್ಲಿ: ಪ್ರತಿ ಲೀಟರಿಗೆ, ಪ್ರತಿ ಕ್ಯಾನಿಗೆ ಮತ್ತು ಪ್ರತಿ ಎಕರೆಗೆ ಎಷ್ಟು ಎಂದು ಬರೆಯಿರಿ. ಅಂಕಿಯ ಜೊತೆಗೆ ಅಕ್ಷರದಲ್ಲಿಯೂ ಬರೆಯಿರಿ.
5. ಸುರಕ್ಷತೆ: ಕೈಗವಸು, ಮುಖಗವಸು, ಸಿಂಪರಣೆ ಮತ್ತು ಕೊಯ್ಲಿನ ನಡುವಿನ ಅಂತರ, ಮೇವಿನ ಬಳಕೆಯ ಬಗ್ಗೆ ಎಚ್ಚರಿಕೆ.
6. ಸಲಹೆ ನೀಡಿದವರು: ಹೆಸರು, ಹುದ್ದೆ ಮತ್ತು ಕಚೇರಿ. "ವಿಜ್ಞಾನಿಗಳ ಪ್ರಕಾರ" ಎಂಬ ಮಾತಿಗೆ ಬೆಲೆಯಿಲ್ಲ.
7. ಪರಿಶೀಲಿಸಿದವರು: ಸಂದೇಶ ಕಳುಹಿಸುವ ಮೊದಲು ಅದನ್ನು ಓದಿ ಒಪ್ಪಿದ ಇನ್ನೊಬ್ಬರ ಹೆಸರು.

ನಾಲ್ಕನೆಯ ಅಂಶಕ್ಕೆ ಮೇಲಿನ ಪ್ರಸಂಗವೇ ಉದಾಹರಣೆ. "ಪ್ರತಿ ಲೀಟರಿಗೆ 0.4 ಗ್ರಾಂ, ಅಂದರೆ ಅರ್ಧ ಗ್ರಾಮಿಗಿಂತ ಕಡಿಮೆ, 15 ಲೀಟರ್ ಕ್ಯಾನಿಗೆ 6 ಗ್ರಾಂ, ಅಂದರೆ ಆರು ಗ್ರಾಂ, ಎಕರೆಗೆ 200 ಲೀಟರ್ ದ್ರಾವಣಕ್ಕೆ 80 ಗ್ರಾಂ" ಎಂದು ಬರೆದಿದ್ದರೆ ದಶಮಾಂಶದ ಚುಕ್ಕಿ ಬಿದ್ದುಹೋದರೂ ಉಳಿದೆರಡು ಅಂಕಿಗಳು ತಪ್ಪನ್ನು ಹಿಡಿದುಕೊಡುತ್ತಿದ್ದವು. ಇದು ಬರವಣಿಗೆಯ ಕ್ರಮಕ್ಕಾಗಿ ಕೊಟ್ಟ ಉದಾಹರಣೆ ಮಾತ್ರ. ಸಿಂಪರಣೆಗೆ ಮುನ್ನ ಚಾಲ್ತಿಯಲ್ಲಿರುವ ಶಿಫಾರಸನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಪೊಟ್ಟಣದ ಮೇಲಿನ ಸೂಚನೆಯೊಂದಿಗೆ ಹೋಲಿಸಿ ನೋಡಿ.

ತಪ್ಪು ಕಂಡುಬಂದರೆ ಕೂಡಲೇ ಮೂಲ ಸಂದೇಶವನ್ನು ಎಲ್ಲರಿಗೂ ಅಳಿಸಿಹೋಗುವಂತೆ ಅಳಿಸಿ, "ತಿದ್ದುಪಡಿ" ಎಂಬ ತಲೆಬರಹದಡಿ ಹಿಂದಿನ ತಪ್ಪು ಮತ್ತು ಈಗಿನ ಸರಿ ಎರಡನ್ನೂ ಬರೆಯಿರಿ. ಅಳಿಸುವ ಅವಕಾಶ ನಿಗದಿತ ಅವಧಿಯವರೆಗೆ ಮಾತ್ರ ಇರುತ್ತದೆ, ಬೇರೆ ಗುಂಪಿಗೆ ಹೋದ ಪ್ರತಿ ಅಳಿಯುವುದಿಲ್ಲ. ಆದ್ದರಿಂದ ತಿದ್ದುಪಡಿಯನ್ನು ಧ್ವನಿ ಸಂದೇಶವಾಗಿಯೂ ಕಳುಹಿಸಿ, ಹಾಲಿನ ಡೇರಿಯ ಹಲಗೆಯ ಮೇಲೂ ಬರೆಯಿಸಿ.

2. ಕನ್ನಡ ಬರಹ: ಯೂನಿಕೋಡ್ ಏಕೆ ಬೇಕು?

ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತಗಳು ಅನೇಕ ಸಂಸ್ಥೆಗಳಲ್ಲಿವೆ. ಅವುಗಳನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅಂತಹ ಬರಹವನ್ನು ಅಂತರಜಾಲದಲ್ಲಿ ಹುಡುಕಲೂ ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಎಲ್ಲ ಫೋನು, ಗಣಕಯಂತ್ರಗಳಲ್ಲಿ ಓದಬಹುದು. ನುಡಿ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿಯೂ ಯೂನಿಕೋಡ್ ಸೌಲಭ್ಯವಿದೆ. ಹಳೆಯ ಕಡತಗಳನ್ನು ಪರಿವರ್ತಿಸುವ ಉಚಿತ ಸಾಧನಗಳೂ ಇವೆ. ಪರಿವರ್ತನೆಯಾದ ಮೇಲೆ ಅಂಕಿ, ಚುಕ್ಕಿ ಮತ್ತು ಒತ್ತಕ್ಷರಗಳನ್ನು ಒಂದೊಂದಾಗಿ ಮೂಲದೊಡನೆ ಹೋಲಿಸಿ ನೋಡಬೇಕು.

ಫೋನಿನ ಕೀಲಿಮಣೆಯಲ್ಲಿ ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅದು ಅಕ್ಷರವಾಗಿ ಮೂಡುತ್ತದೆ. ಬೆರಳಚ್ಚು ಬಾರದ ಸದಸ್ಯರಿಗೆ ಇದು ದೊಡ್ಡ ಅನುಕೂಲ. ಆದರೆ ಔಷಧಿಗಳ ಹೆಸರು ಮತ್ತು ಅಂಕಿಗಳನ್ನು ಮಾತ್ರ ಕೈಯಿಂದಲೇ ಬರೆಯಿರಿ.

3. ತರಬೇತಿ ವಿಡಿಯೊಗಳು

ಕೃಷಿ ವಿಸ್ತರಣೆಯಲ್ಲಿ ವಿಡಿಯೊ ಬಳಕೆಯ ಬಗ್ಗೆ ಮಾತನಾಡುವಾಗ ಕರ್ನಾಟಕದಲ್ಲಿ ನಡೆದ ಒಂದು ಪ್ರಯೋಗವನ್ನು ನೆನೆಯಲೇಬೇಕು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಡಿಜಿಟಲ್ ಗ್ರೀನ್ ಎಂಬ ಯೋಜನೆ ಆರಂಭವಾಯಿತು. ಗ್ರೀನ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗೂಡಿ 16 ಹಳ್ಳಿಗಳ 1,470 ಕುಟುಂಬಗಳನ್ನು ಒಳಗೊಂಡು 13 ತಿಂಗಳ ಕಾಲ ಅದರ ಪರೀಕ್ಷೆ ನಡೆಯಿತು. ರೂಢಿಯ ವಿಸ್ತರಣಾ ಕ್ರಮಕ್ಕೆ ಹೋಲಿಸಿದಾಗ ಕೆಲವು ಬೇಸಾಯ ಕ್ರಮಗಳನ್ನು ರೈತರು ಅಳವಡಿಸಿಕೊಂಡ ಪ್ರಮಾಣ ಆರರಿಂದ ಏಳು ಪಟ್ಟು ಹೆಚ್ಚಾಗಿತ್ತು. ಮುಂದೆ ಡಿಜಿಟಲ್ ಗ್ರೀನ್ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿ ಬೆಳೆಯಿತು.

ಈ ಫಲಿತಾಂಶಕ್ಕೆ ಕ್ಯಾಮೆರಾ ಒಂದೇ ಕಾರಣವೆಂದು ತಿಳಿಯಬಾರದು. ಅಲ್ಲಿ ಮೂರು ಅಂಶಗಳು ಒಟ್ಟಿಗೆ ಕೆಲಸ ಮಾಡಿದವು. ಮೊದಲನೆಯದಾಗಿ, ವಿಡಿಯೊದಲ್ಲಿ ಕಾಣಿಸಿಕೊಂಡವರು ಅದೇ ಭಾಗದ ರೈತರು. ಅವರು ಆಡಿದ್ದು ಅದೇ ಭಾಗದ ಮಾತು. ಎರಡನೆಯದಾಗಿ, ವಿಡಿಯೊವನ್ನು ಸಣ್ಣ ಗುಂಪಿನಲ್ಲಿ ತೋರಿಸಲಾಯಿತು. ಹಳ್ಳಿಯವರೇ ಆದ ಒಬ್ಬ ನಿರ್ವಾಹಕರು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ಚರ್ಚೆ ನಡೆಸಿದರು. ಮೂರನೆಯದಾಗಿ, ನೋಡಿದವರಲ್ಲಿ ಯಾರು ಅದನ್ನು ಹೊಲದಲ್ಲಿ ಮಾಡಿದರು ಎಂಬುದನ್ನು ದಾಖಲಿಸಲಾಯಿತು. ಇಂದು ಅನೇಕ ಸಂಸ್ಥೆಗಳು ವಿಡಿಯೊ ತಯಾರಿಸಿ ಯೂಟ್ಯೂಬ್‌ಗೆ ಏರಿಸಿ ಅಲ್ಲಿಗೇ ನಿಲ್ಲಿಸುತ್ತವೆ. ಎಷ್ಟು ಜನ ನೋಡಿದರು ಎಂಬ ಸಂಖ್ಯೆಗಿಂತ ಎಷ್ಟು ಜನ ಹೊಲದಲ್ಲಿ ಮಾಡಿದರು ಎಂಬ ಸಂಖ್ಯೆ ಮುಖ್ಯ.

ಸಿದ್ಧ ವಿಡಿಯೊಗಳು: ಆಕ್ಸೆಸ್ ಅಗ್ರಿಕಲ್ಚರ್ ಎಂಬ ಲಾಭರಹಿತ ಸಂಸ್ಥೆಯ ಜಾಲತಾಣದಲ್ಲಿ ಬೇರೆ ಬೇರೆ ದೇಶಗಳ ರೈತರೊಂದಿಗೆ ಸಿದ್ಧಪಡಿಸಿದ ತರಬೇತಿ ವಿಡಿಯೊಗಳು ಅನೇಕ ಭಾಷೆಗಳಲ್ಲಿವೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ದೊರೆಯುತ್ತವೆ. ಉಚಿತವಾಗಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದ ಹಳ್ಳಿಯಲ್ಲಿಯೂ ತೋರಿಸಬಹುದು. ಮಣ್ಣಿನ ಆರೋಗ್ಯ, ಬೀಜ ಸಂಗ್ರಹಣೆ, ಪಶುಪಾಲನೆಯಂತಹ ವಿಷಯಗಳಿಗೆ ಇವು ಉಪಯುಕ್ತ. ತಳಿ ಮತ್ತು ಔಷಧಿಗಳ ವಿಷಯದಲ್ಲಿ ಮಾತ್ರ ನಮ್ಮ ವಲಯದ ಶಿಫಾರಸನ್ನೇ ಅನುಸರಿಸಬೇಕು.

ಸ್ವಂತ ವಿಡಿಯೊ ತಯಾರಿಸುವಾಗ:

- ಒಂದು ವಿಡಿಯೊದಲ್ಲಿ ಒಂದೇ ಕ್ರಮವನ್ನು ತೋರಿಸಿ. ಬೀಜೋಪಚಾರದ ವಿಡಿಯೊದಲ್ಲಿ ಕಳೆ ನಿರ್ವಹಣೆಯನ್ನು ತುರುಕಬೇಡಿ. ಎಂಟು-ಹತ್ತು ನಿಮಿಷ ಸಾಕು.
- ಬೆಳಗಿನ ಅಥವಾ ಇಳಿಹೊತ್ತಿನ ಬೆಳಕಿನಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು ಚಿತ್ರೀಕರಿಸಿ. ಫೋನನ್ನು ಅಡ್ಡಲಾಗಿ ಹಿಡಿಯಿರಿ.
- ಗಾಳಿಯ ಸದ್ದು ಮಾತನ್ನು ನುಂಗುತ್ತದೆ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಒಂದನ್ನು ಸಂಘದ ವತಿಯಿಂದ ಕೊಂಡರೆ ಒಳ್ಳೆಯದು.
- ಮಾತನಾಡುವ ರೈತರು ಮೊದಲಿಗೆ ತಮ್ಮ ಊರು, ಹಿಡುವಳಿ, ಮಣ್ಣು ಮತ್ತು ನೀರಿನ ಸ್ಥಿತಿಯನ್ನು ಹೇಳಲಿ. ನೋಡುವವರಿಗೆ "ಇದು ನಮ್ಮಂತಹವರ ಹೊಲ" ಎನಿಸಬೇಕು.
- ಅಳತೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಿ. "ಸ್ವಲ್ಪ ಬೆಲ್ಲ" ಎನ್ನದೆ ತಕ್ಕಡಿಯಲ್ಲಿ ತೂಗಿ ತೋರಿಸಿ.
- ಖರ್ಚು ಮತ್ತು ತೊಂದರೆಗಳನ್ನೂ ಹೇಳಿಸಿ. ಲಾಭ ಮಾತ್ರ ಹೇಳುವ ವಿಡಿಯೊವನ್ನು ರೈತರು ಜಾಹೀರಾತು ಎಂದೇ ತಿಳಿಯುತ್ತಾರೆ.

4. ಹವಾಮಾನ ಮಾಹಿತಿ

ಒಣಬೇಸಾಯದಲ್ಲಿ ಬಿತ್ತನೆ, ಎಡೆಕುಂಟೆ, ಮೇಲುಗೊಬ್ಬರ, ಸಿಂಪರಣೆ, ಕೊಯ್ಲು ಎಲ್ಲವೂ ಮಳೆಯನ್ನು ನೋಡಿಯೇ ನಡೆಯಬೇಕು. ಈ ಉದ್ದೇಶಕ್ಕೆ ಸಂಘಗಳು ಬಳಸಬಹುದಾದ ಸೌಲಭ್ಯಗಳು ಇವು.

ಮೇಘದೂತ: ಭಾರತೀಯ ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮತ್ತು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಜೊತೆಗೂಡಿ ರೂಪಿಸಿದ ಈ ಆ್ಯಪ್ 2019ರಿಂದ ಬಳಕೆಯಲ್ಲಿದೆ. ಮಳೆ, ಉಷ್ಣಾಂಶ, ತೇವಾಂಶ, ಗಾಳಿಯ ವೇಗ ಮತ್ತು ದಿಕ್ಕಿನ ಮುನ್ಸೂಚನೆಯ ಜೊತೆಗೆ ಮಂಗಳವಾರ ಮತ್ತು ಶುಕ್ರವಾರಗಳಂದು ಬೆಳೆವಾರು ಸಲಹೆ ಪ್ರಕಟವಾಗುತ್ತದೆ. ಕನ್ನಡದಲ್ಲಿಯೂ ಲಭ್ಯವಿದೆ.

ವರುಣಮಿತ್ರ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿ. ಸಂಖ್ಯೆ 92433 45433. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪನ ಕೇಂದ್ರಗಳ ಜಾಲ ಈ ಸಂಸ್ಥೆಗಿದೆ. ಸ್ಮಾರ್ಟ್‌ಫೋನ್ ಇಲ್ಲದ ರೈತರೂ ಸಾಧಾರಣ ಫೋನಿನಿಂದ ಕರೆ ಮಾಡಿ ತಮ್ಮ ಭಾಗದ ಮುನ್ಸೂಚನೆ ಕೇಳಬಹುದು.

ದಾಮಿನಿ: ಸಿಡಿಲಿನ ಮುನ್ನೆಚ್ಚರಿಕೆ ನೀಡುವ ಆ್ಯಪ್. ನೀವಿರುವ ಸ್ಥಳದಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲಿನ ಚಟುವಟಿಕೆಯಿದ್ದರೆ ತಿಳಿಸುತ್ತದೆ. ಮುಂಗಾರು ಪೂರ್ವ ಮಳೆಯ ಏಪ್ರಿಲ್-ಮೇ ತಿಂಗಳುಗಳಲ್ಲಿ ಕುರಿಗಾಹಿಗಳು ಮತ್ತು ಹೊಲದಲ್ಲಿ ದುಡಿಯುವವರಿಗೆ ಇದು ಪ್ರಾಣರಕ್ಷಕವಾಗಬಲ್ಲದು. ಎಚ್ಚರಿಕೆ ಬಂದ ಕೂಡಲೇ ಒಂಟಿ ಮರದ ಕೆಳಗೆ ನಿಲ್ಲದೆ ಗಟ್ಟಿ ಕಟ್ಟಡವನ್ನು ಸೇರಬೇಕು.

ಈ ಮಾಹಿತಿಯನ್ನು ಎಲ್ಲ ಸದಸ್ಯರೂ ಪ್ರತ್ಯೇಕವಾಗಿ ನೋಡಬೇಕಾಗಿಲ್ಲ. ಸಂಘದ ಒಬ್ಬರು ಮಂಗಳವಾರ ಮತ್ತು ಶುಕ್ರವಾರ ಸಂಜೆ ಮುನ್ಸೂಚನೆಯನ್ನು ನೋಡಿ, ಮರುದಿನ ಬೆಳಗ್ಗೆ ಹಾಲಿನ ಡೇರಿಯ ಕಪ್ಪುಹಲಗೆಯ ಮೇಲೆ ನಾಲ್ಕು ಸಾಲು ಬರೆದರೆ ಊರಿಗೆಲ್ಲ ತಲುಪುತ್ತದೆ. "ಗುರುವಾರ, ಶುಕ್ರವಾರ ಮಳೆ ಸಂಭವ. ಸಿಂಪರಣೆ ಮತ್ತು ಯೂರಿಯಾ ಮೇಲುಗೊಬ್ಬರ ಮುಂದೂಡಿ" ಎಂಬ ಎರಡು ವಾಕ್ಯಗಳು ಒಂದು ಊರಿನಲ್ಲಿ ಎಷ್ಟೋ ಚೀಲ ಗೊಬ್ಬರ ಕೊಚ್ಚಿಹೋಗುವುದನ್ನು ತಪ್ಪಿಸಬಲ್ಲವು. ಫೋನಿಲ್ಲದ ಅಜ್ಜಿಯೂ ಹಾಲು ಹಾಕಲು ಡೇರಿಗೆ ಬರುತ್ತಾರೆ ಎಂಬುದನ್ನು ಮರೆಯಬಾರದು.

5. ಮಾರುಕಟ್ಟೆ ಮಾಹಿತಿ

ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಮತ್ತು ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣಗಳಲ್ಲಿ ಮಾರುಕಟ್ಟೆವಾರು ಆವಕ ಮತ್ತು ಧಾರಣೆ ಪ್ರಕಟವಾಗುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ಎಂಬ ಮೂರು ಬೆಲೆಗಳಿರುತ್ತವೆ. ಅನೇಕರು ಗರಿಷ್ಠ ಬೆಲೆಯನ್ನು ಮಾತ್ರ ಗುಂಪಿಗೆ ಕಳುಹಿಸುತ್ತಾರೆ. ಆ ಬೆಲೆ ಕೆಲವೇ ಚೀಲಗಳಿಗೆ ಸಿಕ್ಕಿರಬಹುದು. ಹೆಚ್ಚಿನ ಮಾಲು ಮಾರಾಟವಾದ ಬೆಲೆ ಮಾದರಿ ಬೆಲೆ. ನಿರ್ಧಾರಕ್ಕೆ ಅದನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಜೊತೆಗೆ ಆ ದಿನದ ಆವಕವನ್ನೂ ಬರೆಯಿರಿ. ಒಂದೇ ದಿನದ ಧಾರಣೆಗಿಂತ ಎಂಟು-ಹತ್ತು ದಿನಗಳ ಏರಿಳಿತವನ್ನು ಒಂದು ಪಟ್ಟಿಯಲ್ಲಿ ತೋರಿಸಿದರೆ, ಸಾಗಾಣಿಕೆ ಖರ್ಚು ಕಳೆದು ಯಾವ ಮಾರುಕಟ್ಟೆಗೆ ಹೋಗುವುದು ಲೇಸು ಎಂಬುದನ್ನು ರೈತರೇ ಲೆಕ್ಕ ಹಾಕಿಕೊಳ್ಳುತ್ತಾರೆ.

6. ಸಮುದಾಯ ಬಾನುಲಿ

ಎಲ್ಲ ಮಾಹಿತಿಯೂ ಪರದೆಯ ಮೂಲಕವೇ ಹೋಗಬೇಕೆಂದಿಲ್ಲ. ಕಳೆ ತೆಗೆಯುವಾಗ, ಹಾಲು ಕರೆಯುವಾಗ ಕಿವಿ ಬಿಡುವಾಗಿರುತ್ತದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ನಡೆದ "ನಮ್ಮ ಧ್ವನಿ" ಪ್ರಯತ್ನವು, ಬಾನುಲಿ ಪರವಾನಗಿಯೇ ಸಿಗದಿದ್ದ ಕಾಲದಲ್ಲಿ ಗ್ರಾಮಸ್ಥರು ತಾವೇ ಸಿದ್ಧಪಡಿಸಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಮನೆಗೆ ತಲುಪಿಸಿತು. 2006ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ನಂತರ ಲಾಭರಹಿತ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾಲಯಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಸಮುದಾಯ ಬಾನುಲಿ ಕೇಂದ್ರ ನಡೆಸಲು ಅವಕಾಶ ದೊರೆಯಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಸಮುದಾಯದ ಸಹಭಾಗಿತ್ವದಲ್ಲಿ ಸಿದ್ಧವಾಗಬೇಕೆಂಬುದು ಅದರ ನಿಯಮ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸಮುದಾಯ ಬಾನುಲಿ ಕೇಂದ್ರವನ್ನು ಹೊಂದಿದೆ.

ಸ್ವಂತ ಕೇಂದ್ರ ಸ್ಥಾಪಿಸುವುದು ಸಣ್ಣ ಸಂಘಕ್ಕೆ ಭಾರವಾಗಬಹುದು. ಆದರೆ ಹತ್ತಿರದ ಕೇಂದ್ರಕ್ಕೆ ಕಾರ್ಯಕ್ರಮ ಸಿದ್ಧಪಡಿಸಿಕೊಡುವುದು ಕಷ್ಟವಲ್ಲ. ಫೋನಿನಲ್ಲಿ ಧ್ವನಿಮುದ್ರಿಸಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕತ್ತರಿಸಿ ಜೋಡಿಸಿದರೆ ಸಾಕು. ಅದೇ ಧ್ವನಿಯನ್ನು ವಾಟ್ಸಾಪ್ ಗುಂಪಿಗೂ ಹಾಕಬಹುದು. ಓದು ಬಾರದ ಸದಸ್ಯರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

7. ಸಮೀಕ್ಷೆ ಮತ್ತು ದಾಖಲೆ

ಊರಿನಲ್ಲಿ ಎಷ್ಟು ಕೊಳವೆಬಾವಿಗಳು ಬತ್ತಿವೆ, ಯಾರ ಮನೆಯಲ್ಲಿ ಯಾವ ದೇಸಿ ತಳಿಯ ಬೀಜವಿದೆ, ಎಷ್ಟು ಎಕರೆಯಲ್ಲಿ ಕೀಟಬಾಧೆಯಿದೆ ಎಂಬ ಲೆಕ್ಕ ಸಂಘದ ಬಳಿಯಿದ್ದರೆ ಇಲಾಖೆಯ ಮುಂದೆ ಮಾತಿಗೆ ತೂಕ ಬರುತ್ತದೆ. ಇದಕ್ಕೆ ಕೋಬೋ ಟೂಲ್‌ಬಾಕ್ಸ್ ಮತ್ತು ಓ.ಡಿ.ಕೆ. ಎಂಬ ಸಾಧನಗಳು ಉಪಯುಕ್ತ. ಪ್ರಶ್ನಾವಳಿಯನ್ನು ಕನ್ನಡದಲ್ಲಿಯೇ ರೂಪಿಸಬಹುದು. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಉತ್ತರ, ಛಾಯಾಚಿತ್ರ ಮತ್ತು ಸ್ಥಳದ ಗುರುತನ್ನು ದಾಖಲಿಸಿ, ಊರಿಗೆ ಮರಳಿದ ಮೇಲೆ ಕಳುಹಿಸಬಹುದು. ಕೋಬೋ ಟೂಲ್‌ಬಾಕ್ಸಿನಲ್ಲಿ ಲಾಭರಹಿತ ಸಂಸ್ಥೆಗಳಿಗೆ ನಿಗದಿತ ಮಿತಿಯೊಳಗೆ ಉಚಿತ ಬಳಕೆಯ ಅವಕಾಶವಿದೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸಾಲದ ವಿವರ ಮತ್ತು ಪಹಣಿಯ ಛಾಯಾಚಿತ್ರಗಳನ್ನು ಅನಾವಶ್ಯಕವಾಗಿ ಸಂಗ್ರಹಿಸಬೇಡಿ; ವಾಟ್ಸಾಪ್ ಗುಂಪಿನಲ್ಲಿ ಅವುಗಳನ್ನು ತರಿಸಿಕೊಳ್ಳಲೇಬೇಡಿ. 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನದ ತಿರುಳು ಇಷ್ಟೇ: ಯಾವ ಉದ್ದೇಶಕ್ಕೆ ಎಂದು ತಿಳಿಸಿ, ಒಪ್ಪಿಗೆ ಪಡೆದು, ಆ ಉದ್ದೇಶಕ್ಕೆ ಮಾತ್ರ ಬಳಸಬೇಕು. ಸಮೀಕ್ಷೆಯ ಮೊದಲ ಪ್ರಶ್ನೆಯೇ ಒಪ್ಪಿಗೆಯದಾಗಿರಲಿ. ನಂಬಿ ವಿವರ ಕೊಟ್ಟ ರೈತರಿಗೆ ಅದರಿಂದ ವಂಚನೆಯ ಕರೆ ಬಂದರೆ ಸಂಘದ ಮೇಲಿನ ವಿಶ್ವಾಸ ಮತ್ತೆ ಕೂಡಿಬರುವುದು ಕಷ್ಟ.

8. ಕಚೇರಿ ಕೆಲಸಕ್ಕೆ ಉಚಿತ ಮತ್ತು ರಿಯಾಯಿತಿ ಸೌಲಭ್ಯಗಳು

ನೋಂದಾಯಿತ ಲಾಭರಹಿತ ಸಂಸ್ಥೆಗಳಿಗೆ ದೊಡ್ಡ ತಂತ್ರಜ್ಞಾನ ಕಂಪನಿಗಳು ವಿಶೇಷ ಸೌಲಭ್ಯ ನೀಡುತ್ತವೆ. ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್ ಅಡಿಯಲ್ಲಿ ಸಂಸ್ಥೆಯ ಹೆಸರಿನ ಇ-ಮೇಲ್ ಹಾಗೂ ಕಡತ ಸಂಗ್ರಹ, ಕ್ಯಾನ್ವಾ ಮೂಲಕ ಭಿತ್ತಿಪತ್ರ ವಿನ್ಯಾಸದ ಸಾಧನ, ಟೆಕ್‌ಸೂಪ್ ಜಾಲದ ಮೂಲಕ ರಿಯಾಯಿತಿ ದರದ ತಂತ್ರಾಂಶಗಳು ದೊರೆಯುತ್ತವೆ. ಪರವಾನಗಿ ಶುಲ್ಕವಿಲ್ಲದ ಲಿಬ್ರೆ ಆಫೀಸ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು.

ಅರ್ಜಿ ಸಲ್ಲಿಸುವ ಮೊದಲು ನಿಮ್ಮ ಸಂಸ್ಥೆಯ ಸ್ವರೂಪವನ್ನು ಗಮನಿಸಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯ ಸಂಘ, ಸಾರ್ವಜನಿಕ ದತ್ತಿ ಅಥವಾ ಕಂಪನಿ ಕಾಯಿದೆ 2013ರ 8ನೇ ಪ್ರಕರಣದ ಕಂಪನಿಯಾಗಿದ್ದರೆ ಅರ್ಹತೆ ಇರುತ್ತದೆ. ಲಾಭವನ್ನು ಸದಸ್ಯರಿಗೆ ಹಂಚುವ ರೈತ ಉತ್ಪಾದಕ ಕಂಪನಿ ಮತ್ತು ಸಹಕಾರ ಸಂಘಗಳು ಸಾಮಾನ್ಯವಾಗಿ ಈ ಸೌಲಭ್ಯಗಳಿಗೆ ಅರ್ಹವಾಗುವುದಿಲ್ಲ. ಸರ್ಕಾರದ ಅನುದಾನ ಬಯಸುವ ಸಂಸ್ಥೆಗಳು ಎನ್.ಜಿ.ಓ. ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಈ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ.

ಸಂಸ್ಥೆಯ ಇ-ಮೇಲ್, ಯೂಟ್ಯೂಬ್ ವಾಹಿನಿ ಮತ್ತು ಗುಂಪುಗಳ ಗುಪ್ತಪದ ಒಬ್ಬರ ಬಳಿ ಮಾತ್ರ ಇರಕೂಡದು. ಕಾರ್ಯದರ್ಶಿ ಬದಲಾದಾಗ ವರ್ಷಗಳ ಶ್ರಮವೆಲ್ಲ ಕೈತಪ್ಪಿಹೋದ ಪ್ರಸಂಗಗಳಿವೆ. ಇಬ್ಬರು ಪದಾಧಿಕಾರಿಗಳಿಗೆ ನಿರ್ವಹಣಾ ಅಧಿಕಾರವಿರಲಿ. ವಿವರವನ್ನು ಲಕೋಟೆಯಲ್ಲಿ ಮೊಹರು ಮಾಡಿ ನಡಾವಳಿ ಪುಸ್ತಕದ ಜೊತೆ ಇಡಿ.

9. ರೋಗ ಗುರುತಿಸುವ ಆ್ಯಪ್‌ಗಳು: ಮಿತಿಯನ್ನು ಅರಿಯಿರಿ

ಎಲೆಯ ಚಿತ್ರ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್‌ಗಳು ಬಳಕೆಗೆ ಬಂದಿವೆ. ಮೊದಲ ಸುಳಿವಾಗಿ ಇವುಗಳನ್ನು ನೋಡಬಹುದು. ಕೊನೆಯ ತೀರ್ಮಾನವಾಗಿ ಅಲ್ಲ. ಶೇಂಗಾ ಎಲೆ ಹಳದಿಯಾಗಲು ಸುಣ್ಣಯುಕ್ತ ಮಣ್ಣಿನಲ್ಲಿ ಕಬ್ಬಿಣದ ಕೊರತೆ, ನೀರು ನಿಂತು ಬೇರಿಗೆ ಉಸಿರಾಟವಿಲ್ಲದಿರುವುದು, ಸಾರಜನಕದ ಕೊರತೆ ಅಥವಾ ಬೇರಿನ ರೋಗ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಎಲೆಯ ಚಿತ್ರ ಬೇರನ್ನು ತೋರಿಸುವುದಿಲ್ಲ. ಗಿಡವನ್ನು ಬೇರು ಸಮೇತ ಕಿತ್ತು ನೋಡಿ, ಮಣ್ಣು ಪರೀಕ್ಷೆಯ ವರದಿಯನ್ನು ಮುಂದಿಟ್ಟುಕೊಂಡು, ತಜ್ಞರನ್ನು ಕೇಳಿದ ಬಳಿಕವೇ ಔಷಧಿಗೆ ಕೈಹಾಕಬೇಕು. ಚಿತ್ರ ಕಳುಹಿಸುವಾಗ ಇಡೀ ಹೊಲ, ಒಂದು ಪೂರ್ಣ ಗಿಡ, ಎಲೆಯ ಎರಡೂ ಬದಿ ಮತ್ತು ಬೇರು ಹೀಗೆ ಐದು ಚಿತ್ರಗಳನ್ನು ಕಳುಹಿಸಿದರೆ ನಮಗೂ ಉತ್ತರ ಕೊಡಲು ಅನುಕೂಲ.

ಕನ್ನಡದಲ್ಲಿಯೇ ಮಾತನಾಡಿ ಸಲಹೆ ಪಡೆಯಲು ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800 180 1551ಕ್ಕೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕರೆ ಮಾಡಬಹುದು.

10. ಎಲ್ಲಿಂದ ಆರಂಭಿಸಬೇಕು?

ಎಲ್ಲ ಸಾಧನಗಳನ್ನೂ ಒಮ್ಮೆಗೇ ಕೈಗೆತ್ತಿಕೊಂಡರೆ ಯಾವುದೂ ನಿಲ್ಲುವುದಿಲ್ಲ. ಸಣ್ಣ ಸಂಘಗಳು ಒಂದು ಹಂಗಾಮಿಗೆ ಈ ಕ್ರಮವನ್ನು ಅನುಸರಿಸಬಹುದು.

- ಬಿತ್ತನೆಗೆ ಮೊದಲು: ಮೂವರನ್ನು ಆರಿಸಿ. ಒಬ್ಬರು ಬರೆಯಲಿ, ಒಬ್ಬರು ಪರಿಶೀಲಿಸಲಿ, ಒಬ್ಬರು ಡೇರಿ ಹಲಗೆಯ ಮೇಲೆ ಬರೆಯಲಿ. ಗುಂಪಿನಲ್ಲಿ ಸಲಹೆ ಹಾಕುವ ಅಧಿಕಾರ ನಿರ್ವಾಹಕರಿಗೆ ಮಾತ್ರ ಇರಲಿ. ಸದಸ್ಯರ ಪ್ರಶ್ನೆಗಳಿಗೆ ಬೇರೊಂದು ಗುಂಪು ಮಾಡಿ.
- ಬಿತ್ತನೆಯಿಂದ ಹೂವಾಡುವವರೆಗೆ: ವಾರಕ್ಕೆ ಎರಡು ಹವಾಮಾನ ಸೂಚನೆ ಮತ್ತು ತಿಂಗಳಿಗೆ ಒಂದು ವಿಡಿಯೊ ಪ್ರದರ್ಶನ. ಪ್ರದರ್ಶನಕ್ಕೆ 15-20 ಜನರಿಗಿಂತ ಹೆಚ್ಚು ಬೇಡ.
- ಕೊಯ್ಲಿಗೆ ಮೊದಲು: ಹತ್ತು ದಿನಗಳ ಧಾರಣೆಯ ಪಟ್ಟಿ.
- ಕೊಯ್ಲಿನ ನಂತರ: ಯಾವ ಸಲಹೆಯನ್ನು ಎಷ್ಟು ಜನ ಪಾಲಿಸಿದರು, ಎಷ್ಟು ಖರ್ಚು ಉಳಿಯಿತು ಅಥವಾ ಹೆಚ್ಚಾಯಿತು, ಯಾವ ಸಂದೇಶ ತಪ್ಪಾಯಿತು ಎಂದು ಸಭೆಯಲ್ಲಿ ಕೇಳಿ ಬರೆದಿಡಿ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ವಿನಂತಿ. ಸಂಘದವರು ದೂರವಾಣಿಯಲ್ಲಿ ಪ್ರಮಾಣ ಕೇಳಿದರೆ ಬಾಯಿಮಾತಿನಲ್ಲಿ ಹೇಳಿ ಮುಗಿಸಬೇಡಿ. ಎರಡು ನಿಮಿಷ ನಿಂತು ಬರೆದು ಕಳುಹಿಸಿ, ಅವರಿಂದ ಮರಳಿ ಓದಿಸಿ ಕೇಳಿ. ನನ್ನ ಹೆಸರಿನಲ್ಲಿ ಹೋದ ಆ ಸಂದೇಶದ ನಂತರ ನಾನು ಪಾಲಿಸುತ್ತಿರುವ ನಿಯಮ ಇದೊಂದೇ.

ಕೊನೆಯ ಮಾತು

ಒಟ್ಟಾರೆ, ತಂತ್ರಜ್ಞಾನದ ಸೌಲಭ್ಯಗಳು ಇಂದು ದುಬಾರಿಯೂ ಅಲ್ಲ, ದುರ್ಲಭವೂ ಅಲ್ಲ. ರೈತರು ಸಂಘದ ಸಂದೇಶವನ್ನು ನಂಬುವುದು ಅದನ್ನು ಕಳುಹಿಸಿದವರು ತಮ್ಮವರೇ ಎಂಬ ಕಾರಣಕ್ಕೆ. ಆ ನಂಬಿಕೆ ಸಂಘದ ನಿಜವಾದ ಬಂಡವಾಳ. ಸರಿಯಾದ ಪ್ರಮಾಣ, ಸರಿಯಾದ ದಿನಾಂಕ ಮತ್ತು ಜವಾಬ್ದಾರಿ ಹೊರುವ ಒಂದು ಹೆಸರು ಇವಿಷ್ಟಿದ್ದರೆ ಸಾಧಾರಣ ಫೋನು, ಡೇರಿಯ ಕಪ್ಪುಹಲಗೆಯೂ ಉತ್ತಮ ವಿಸ್ತರಣಾ ಸಾಧನಗಳೇ. ಇವಿಲ್ಲದಿದ್ದರೆ ಎಷ್ಟೇ ಹೊಸ ಆ್ಯಪ್ ಬಂದರೂ ರೈತರಿಗೆ ಹಾನಿಯೇ ಹೆಚ್ಚು.

ಹೆಚ್ಚಿನ ಮಾಹಿತಿಗಾಗಿ ಮತ್ತು ನಿಮ್ಮ ಸಂಘದ ಸಂದೇಶಗಳನ್ನು ಪರಿಶೀಲಿಸಿಕೊಳ್ಳಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.